ಮೊದಲ ಬೆಂಕಿಯ ಕಾವಲು

ಅಕ್ಕ ಬೀಸಿದ ಇಕ್ಕಳ ತಂಗಿಯ ಮಣಿಕಟ್ಟಿಗೆ ಬಡಿಯಿತು. ಕೈಲಿದ್ದ ಬಕೆಟ್ಟು ನೆಲಕ್ಕೆ ಬಿದ್ದು ಗೋಡೆಯವರೆಗೆ ಉರುಳಿತು.

"ಇನ್ನೊಂದ್ಸಲ ಹೇಳು ನೋಡೋಣ," ಎಂದಳು ಅಕ್ಕ.

"ನೂರು ಸಲ ಹೇಳ್ತೀನಿ. ಇದು ಸ್ಟೀಲಲ್ಲ. ಕಬ್ಬಿಣದ ತಗಡಿಗೆ ಸತು ಬಳಿದಿದ್ದಾರೆ. ಮೈಮೇಲೆ ಹೂವಿನ ಹಾಗೆ ಮಚ್ಚೆ ಇದೆ, ಕಣ್ಣಿಲ್ವಾ? ಕುಲುಮೆಗೆ ಹೋದ್ರೆ ವಿಷದ ಹೊಗೆ ಬಿಡುತ್ತೆ."

ಅಪ್ಪ ಬಿಟ್ಟುಹೋದ ಗಾಜಿನ ಕಾರ್ಖಾನೆ ಅವರಿಬ್ಬರದು. ಬೋರಲು ಹಾಕಿದ ಲೋಹದ ಪಾತ್ರೆಯ ಮೇಲೆ ಗಾಜಿನ ಹಾಳೆ ಇಟ್ಟು ಕರೆಂಟಿನ ಕುಲುಮೆಯಲ್ಲಿ ಕಾಯಿಸಿದರೆ ಗಾಜು ಮೆತ್ತಗಾಗಿ ಜೋಲುತ್ತದೆ. ಆರಿದ ಮೇಲೆ ಅದೇ ದೀಪದ ಕವಚ. ಹಳೆಯ ಸ್ಟೀಲ್ ಅಚ್ಚುಗಳು ಸೊಟ್ಟಗಾಗಿದ್ದವು. ದೀಪದಂಗಡಿಯವನು ವಾರದೊಳಗೆ ನಲವತ್ತು ಕವಚ ಕೇಳಿದ್ದ. ಅಕ್ಕ ಗುಜರಿಗೆ ಹೋಗಿ ಹೊಳೆಯುವ ಆರು ಬಕೆಟ್ಟು ಆರಿಸಿ ತಂದಿದ್ದಳು. ಅವಳ ಕೈ ಮಾತಿಗಿಂತ ಮುಂದು. ಬೀದಿಯವರು ಅವಳನ್ನು 'ಸುತ್ತಿಗೆ' ಎಂದೇ ಕರೆಯುತ್ತಿದ್ದರು, ಎದುರಿಗಲ್ಲ.

ತಂಗಿ ಕಕ್ಕಸು ತೊಳೆಯುವ ಆಸಿಡ್ ತಂದು ಹಳೆಯ ಅಚ್ಚಿನ ಮೇಲೊಂದು ಹನಿ, ಬಕೆಟ್ಟಿನ ಮೇಲೊಂದು ಹನಿ ಬಿಟ್ಟಳು. ಅಚ್ಚು ಸುಮ್ಮನಿತ್ತು. ಬಕೆಟ್ಟು ಬುಸುಗುಟ್ಟಿ ನೊರೆಯೆದ್ದಿತು.

"ನೋಡಿದ್ಯಾ?"

"ನೋಡ್ದೆ. ನಿನ್ನ ಥರಾನೇ. ಒಂದು ಹನಿ ಬಿದ್ರೆ ಸಾಕು, ಬುಸ್ ಅನ್ನುತ್ತೆ." ಅಕ್ಕ ಶೀಶೆಯನ್ನು ಒದ್ದಳು. ಚಿಮ್ಮಿದ ಆಸಿಡ್ ತಂಗಿಯ ಬಟ್ಟೆಯ ಅಂಚನ್ನು ಸುಟ್ಟಿತು.

"ಲೋಹ ಆರಿಸ್ದೋರೇ ಹೊಸ ಅಚ್ಚಿನ ಮೊದಲ ಬೆಂಕಿಗೆ ಕಾವಲು," ಎಂದಳು ತಂಗಿ. " ಅಪ್ಪನ ಕಟ್ಟಳೆ. ಕೂರ್ತೀಯಾ?"

"ಅವರು ನನಗೂ ಅಪ್ಪಾನೇ ಕಣೇ. ಕೂರ್ತೀನಿ."

ಎರಡು ಬಕೆಟ್ಟು ಕುಲುಮೆಗಿಟ್ಟು, ಗಾಳಿ ತಾಗಿ ಗಾಜು ಸೀಳದಂತೆ ಕಿಟಕಿ ಮುಚ್ಚಿ, ಅಕ್ಕ ಒಳಗಿನಿಂದ ಅಗುಳಿ ಹಾಕಿಕೊಂಡಳು. ತಂಗಿ ಹೊರಗಿನ ಮೆಟ್ಟಿಲ ಮೇಲೆ, ಊದಿದ ಮಣಿಕಟ್ಟನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಕೂತಳು. ಮಾಡಿದ್ದುಣ್ಣೋ ಮಹಾರಾಯ, ಎಂದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಬಾಗಿಲ ಸಂದಿಯಿಂದ ಬಿಳಿ ಹೊಗೆ ನೂಲಿನಂತೆ ಹೊರಬಂತು. ಒಳಗೆ ಕೆಮ್ಮು. ಅದು ಕೇಳಿಸುತ್ತಿರುವಷ್ಟು ಹೊತ್ತು ತಂಗಿಗೆ ಒಂದು ಥರ ಸಂತೋಷವೇ ಇತ್ತು. ಆಮೇಲೆ ಕೆಮ್ಮು ನಿಂತಿತು.

ಬೋಗುಣಿ ಮಗುಚಿಬಿತ್ತು. ಅವಳು ಅಂಗಳದಲ್ಲಿದ್ದ ಕಮ್ಮಾರರ ಸುತ್ತಿಗೆ ಎತ್ತಿ ಬಾಗಿಲಿಗೆ ಬಡಿದಳು. ಮೂರನೆಯ ಪೆಟ್ಟಿಗೆ ಅಗುಳಿ ಕಿತ್ತುಬಂತು. ಉಸಿರು ಕಟ್ಟಿಕೊಂಡು ಕುಲುಮೆಯ ಸ್ವಿಚ್ಚು ಆರಿಸಿ, ನೆಲದಲ್ಲಿ ಮುದುಡಿ ಬಿದ್ದಿದ್ದ ಅಕ್ಕನನ್ನು ಜಡೆ ಹಿಡಿದು ಎಳೆದಳು. ಅರೆಪ್ರಜ್ಞೆಯಲ್ಲೂ ಅಕ್ಕ ಅವಳ ಕೈ ಕಚ್ಚಿದಳು. ತಂಗಿ ಕೆನ್ನೆಗೆ ಬಾರಿಸಿದಳು. ಒಂದಲ್ಲ, ನಾಲ್ಕು. ಇಷ್ಟು ವರ್ಷಗಳಲ್ಲಿ ಮೊದಲ ಸಲ.

"ಸಾಯೋಕೆ ಬೇರೆ ಜಾಗ ಸಿಗ್ಲಿಲ್ವೇನೇ ನಿಂಗೆ?"

ಎರಡು ದಿನ ಅಕ್ಕ ಮೂರು ಕಂಬಳಿ ಹೊದ್ದು ಗಡಗಡ ನಡುಗಿದಳು. ನೋಡಲು ಬಂದ ಡಾಕ್ಟರನ್ನೂ, ಬಾಯೆಲ್ಲ ತಗಡು ನೆಕ್ಕಿದ ಹಾಗಿದೆ ಎಂದು ಬೈದಳು.

ಮೂರನೆಯ ದಿನ ಬೆಳಿಗ್ಗೆ ತಂಗಿ ಅಂಗಳದಲ್ಲಿ ಉಳಿದ ಬಕೆಟ್ಟುಗಳನ್ನು ಚಪ್ಪಟೆ ಮಾಡುತ್ತಿದ್ದಳು, ಇನ್ಯಾರೂ ಅಚ್ಚಿಗೆಂದು ಕೊಳ್ಳದಿರಲಿ ಎಂದು. ಊದಿದ ಕೈಗೆ ಹಿಡಿತ ಸಾಲದೆ, ಬಕೆಟ್ಟು ಪ್ರತಿ ಪೆಟ್ಟಿಗೂ ಉರುಳಿಕೊಂಡು ಹೋಗುತ್ತಿತ್ತು. ಅಕ್ಕ ಕಂಬಳಿ ಹೊದ್ದೇ ಬಂದು ನಿಂತಳು. ಆಮೇಲೆ ತನ್ನ ಬರಿಗಾಲನ್ನು ಬಕೆಟ್ಟಿನ ಅಂಚಿನ ಮೇಲೆ, ಸುತ್ತಿಗೆ ಬೀಳುವ ಜಾಗಕ್ಕೆ ಗೇಣು ದೂರದಲ್ಲಿ, ಒತ್ತಿಟ್ಟಳು.

"ಹೊಡಿ," ಎಂದಳು.

ತಂಗಿ ಸುತ್ತಿಗೆ ಎತ್ತಿದಳು. ಕಾಲು ಅಲುಗಲಿಲ್ಲ.