ಗಾಜಿನ ಒಳಗಡೆಯವಳು

ಅವಳ ಮೈದುನ ಮುಷ್ಟಿ ಕಟ್ಟಿ ಗಾಜಿಗೆ ಗುದ್ದುತ್ತಿದ್ದ, ಬಾಗಿಲು ತೆಗೆಯದವರ ಮನೆ ಬಡಿಯುವ ಹಾಗೆ. ಷೆಡ್ಡಿನಲ್ಲಿ ನಿಂತ ಹಳೆಯ ಕಾರಿನ ಮುಂಗಾಜು ಒಂದು ಮೂಲೆಯಲ್ಲಿ ಕೂತರೆ ಇನ್ನೊಂದು ಮೂಲೆಯಲ್ಲಿ ಎದ್ದು ಬರುತ್ತಿತ್ತು. ಮಗ ಇಸ್ತ್ರಿಯ ಅಂಗಿಯ ತೋಳು ಮಡಚಿ, ಸ್ಕ್ರೂಡ್ರೈವರ್ ಹಿಡಿದು ಸುತ್ತಲಿನ ರಬ್ಬರನ್ನು ಕೆದಕುತ್ತಿದ್ದ. ಒಳಗೆ ಹಜಾರದಲ್ಲಿ ಅವನ ಅಪ್ಪನ ಹೆಣವಿತ್ತು. ಹೊರಡಲು ಇನ್ನೊಂದು ಗಂಟೆಯಿತ್ತು.

ಮುದುಕ ಮೊನ್ನೆ ಬೆಳಗ್ಗೆ ಬಿರುಕು ಬಿಟ್ಟ ಗಾಜನ್ನು ತೆಗೆದು, ಚೌಕಟ್ಟಿನ ತುಕ್ಕು ಉಜ್ಜುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಹೊಸ ಗಾಜು ಕಂಬಳಿ ಸುತ್ತಿಕೊಂಡು, ಮಲಗುವ ಕೋಣೆಯ ಗೋಡೆಗೆ ಒರಗಿತ್ತು. ಶವದ ವ್ಯಾನಿನ ಹಿಂದೆ ಅಪ್ಪನ ಕಾರು ಹೋಗಲೇಬೇಕು, ಅದೂ ಗಾಜು ಹಾಕಿಕೊಂಡೇ ಹೋಗಬೇಕು ಎಂದು ಮಗನ ಹಠ. ನಾಲ್ಕು ಜನ ನೋಡುತ್ತಾರಲ್ಲ.

ಅಡುಗೆಮನೆಯ ಕಿಟಕಿಯಿಂದ ಸತ್ತವನ ಹೆಂಡತಿ ಇದನ್ನೆಲ್ಲ ನೋಡುತ್ತಿದ್ದಳು. ಹಜಾರದಿಂದ ಬಾಡಿದ ಹೂವಿನ ವಾಸನೆ, ಬೆವರಿನ ವಾಸನೆ ಒಟ್ಟಿಗೆ ಬರುತ್ತಿತ್ತು. ಬೆನ್ನ ಹಿಂದೆ ಡ್ರಾಯಿಂಗ್ ಮೇಷ್ಟ್ರು ಚಹಾದಲ್ಲಿ ಬಿಸ್ಕತ್ತು ಅದ್ದಿ ಚಪ್ಪರಿಸುತ್ತಾ ಪಕ್ಕದ ಮನೆಯವರಿಗೆ ಗೆಳೆಯನ ಗುಣಗಾನ ಮಾಡುತ್ತಿದ್ದರು. ಒದ್ದೆ ಬಿಸ್ಕತ್ತಿನ ಚೂರೊಂದು ಅವರ ಮೀಸೆಯಲ್ಲಿ ಸಿಕ್ಕಿಕೊಂಡಿತ್ತು.

“ಮೂರು ಸಲ ಗಾಜು ಬದಲಾಯಿಸಿದ ಕಣ್ರೀ, ಮೂರು ಸಲಾನೂ ಒಬ್ಬನೇ. ನಾವೇನು ಸುಮ್ನೆ ಅವನನ್ನ ಒಂಟಿಕೈ ಅಂತ ಕರೀತಿದ್ವಾ?”

“ಒಬ್ಬರೇನಾ?”

“ಒಬ್ಬನೇ. ಯಾರನ್ನೂ ಹತ್ರ ಬಿಟ್ಕೊಳ್ತಿರ್ಲಿಲ್ಲ.”

ಅವಳು ಕಿಟಕಿಯ ಕಡೆಗೇ ಮುಖ ಮಾಡಿ ನಿಂತಳು. ಸತ್ತವನ ಬಗ್ಗೆ ಹೇಸಿಗೆ ಪಡಬಾರದು ಎಂದು ಎರಡು ದಿನದಿಂದ ಮನಸ್ಸಿಗೆ ಹೇಳಿಕೊಳ್ಳುತ್ತಿದ್ದಳು. ಮನಸ್ಸು ಕೇಳುತ್ತಿರಲಿಲ್ಲ.

*

ಆ ಕಾರಿನ ಗಾಜು ಕೂರಿಸಲು ಇಬ್ಬರು ಬೇಕು. ಗಾಜಿನ ಅಂಚಿಗೆ ರಬ್ಬರು ತೊಡಿಸಿ, ರಬ್ಬರಿನ ಸಂದಿಯಲ್ಲಿ ಸುತ್ತಲೂ ಒಂದು ಹುರಿ ಹುದುಗಿಸಬೇಕು. ಹುರಿಯ ಎರಡೂ ತುದಿ ಕೆಳಗೆ, ನಡುವಿನಲ್ಲಿ, ಕಾರಿನೊಳಕ್ಕೆ ಇಳಿಬಿದ್ದಿರಬೇಕು. ಸೋಪಿನ ನೀರು ಸವರಿ ಗಾಜನ್ನು ಹೊರಗಿನಿಂದ ಒಬ್ಬರು ಅಂಗೈಯಲ್ಲಿ ಒತ್ತಿ ಹಿಡಿಯಬೇಕು, ಒಳಗೆ ಕೂತವರು ಹುರಿ ಎಳೆಯುತ್ತಾ ಹೋಗಬೇಕು. ಎಳೆದಷ್ಟೂ ರಬ್ಬರಿನ ತುಟಿ ತಗಡಿನ ಅಂಚು ದಾಟಿ ಒಳಗೆ ಮಡಚಿಕೊಳ್ಳುತ್ತದೆ. ಮೊದಲು ಒಂದು ಪಕ್ಕ, ಆಮೇಲೆ ಇನ್ನೊಂದು ಪಕ್ಕ, ಕೊನೆಗೆ ಮೇಲೆ ನಡುವಿನಲ್ಲಿ ಮುಗಿಯಬೇಕು.

ಮೂರು ಸಲವೂ ಒಳಗೆ ಕೂತವಳು ಅವಳೇ. ಮೊದಲ ಸಲ ಹೊಟ್ಟೆಯಲ್ಲಿ ಏಳು ತಿಂಗಳ ಮಗನಿದ್ದ.

“ಎಳಿ. ಹಾಗಲ್ಲ, ನಿಧಾನ. ಕಣ್ಣಿಲ್ವಾ ನಿಂಗೆ?” ಗಾಜಿನಾಚೆಯಿಂದ ಗಂಡ ಕೂಗುತ್ತಿದ್ದ. ಹುರಿ ಅಂಗೈ ಸೀಳಿತು. ಅವನು ಒಳಗೆ ಇಣುಕಿ ನೋಡಿ, “ಸೀಟಿಗೆ ರಕ್ತ ಹಚ್ಚಬೇಡ,” ಎಂದ.

ಸಂಜೆ ಗೆಳೆಯರು ಬಂದರು. ಡ್ರಾಯಿಂಗ್ ಮೇಷ್ಟ್ರು ಕಾರಿಗೊಂದು ಸುತ್ತು ಹಾಕಿ, “ಯಾರು ಸಹಾಯ ಮಾಡಿದ್ರಯ್ಯಾ?” ಎಂದು ಕೇಳಿದರು.

“ಯಾರು ಬರ್ತಾರೆ? ಒಬ್ಬನೇ ಹಾಕಿದೆ.”

ಅವಳು ಬಟ್ಟೆ ಸುತ್ತಿದ ಕೈಯಲ್ಲಿ ಚಹಾದ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ತಮಾಷೆಗೆ ಹೇಳಿದ್ದು, ಈಗ ನಗುತ್ತಾನೆ ಎಂದು ಕಾದಳು. ಅವನು ನಗಲಿಲ್ಲ.

ಕೆಟ್ಟ ಗಂಡನೇನಲ್ಲ. ಊರಿನ ನೀರಿನ ಮೀಟರುಗಳನ್ನು ಓದಿ ಬರೆದುಕೊಳ್ಳುವ ಕೆಲಸ. ಕೈ ಎತ್ತಿದವನಲ್ಲ, ಕುಡಿದವನಲ್ಲ. ಅವಳಿಗೆ ಜ್ವರ ಬಂದರೆ ಪಾತ್ರೆ ತೊಳೆದಿಟ್ಟು ಕೆಲಸಕ್ಕೆ ಹೋಗುತ್ತಿದ್ದ. ಆದರೆ ಆ ಒಂದು ಸುಳ್ಳನ್ನು ಮೂವತ್ತೆರಡು ವರ್ಷ ಸಾಕಿದ. ಬರಬರುತ್ತಾ ತಾನೇ ಅದನ್ನು ನಂಬಿಬಿಟ್ಟ. ಮೂರನೆಯ ಗಾಜಿನ ದಿನ ಅವಳು ಇನ್ನೂ ಕಾರಿನೊಳಗೇ ಕೂತಿದ್ದಾಗ, “ಒಬ್ಬನೇ ಅಂದ್ರೆ ಕಷ್ಟಾನೇ ಬಿಡು,” ಎಂದು ಅವಳಿಗೇ ಹೇಳಿದ್ದ. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆ ತಂದದ್ದು.

*

ಷೆಡ್ಡಿನಲ್ಲಿ ಮೈದುನ ಮತ್ತೊಮ್ಮೆ ಗುದ್ದಿದ. ಅವಳು ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು.

“ಅತ್ತಿಗೆ, ನೀವ್ಯಾಕೆ ಬಂದ್ರಿ? ಒಳಗೆ ಅಣ್ಣನ ಹತ್ರ ಕೂತ್ಕೊಳ್ಳಿ.”

“ನಿಮ್ಮಣ್ಣ ಎಲ್ಲೂ ಹೋಗಲ್ಲ. ನೀನು ಇನ್ನೆರಡು ಗುದ್ದಿದ್ರೆ ಗಾಜು ಹೋಗುತ್ತೆ. ಒಳಗೆ ಹೋಗಿ ಚಹಾ ಕುಡಿ.”

ಅವನು ಗೊಣಗುತ್ತಾ ಹೋದ. ಅವಳು ಮೊಳೆಯ ಡಬ್ಬದ ತಳದಿಂದ ಹುರಿಯ ಸುರುಳಿ ತೆಗೆದು ಸೋಪಿನ ನೀರಿನಲ್ಲಿ ಅದ್ದಿದಳು. ಮಗನಿಗೆ ಹೇಳಿ ಗಾಜು ಕೆಳಗಿಳಿಸಿಕೊಂಡು, ರಬ್ಬರಿನ ಸಂದಿಯೊಳಗೆ ಹುರಿಯನ್ನು ಹುದುಗಿಸುತ್ತಾ ಹೋದಳು. ಬೆರಳು ಒಮ್ಮೆಯೂ ತಡವರಿಸಲಿಲ್ಲ.

“ಅಪ್ಪ ಒಬ್ರೇ ಮಾಡ್ತಿದ್ರಲ್ಲಮ್ಮ,” ಎಂದ ಮಗ.

“ಹೊರಗಡೆ ಒಬ್ರೇ ಇರ್ತಿದ್ರು.”

“ಒಳಗೆ?”

ಅವಳು ಬಲಗೈ ಬಿಡಿಸಿ ತೋರಿಸಿದಳು. ಅಂಗೈಗೆ ಅಡ್ಡಲಾಗಿ ಬೆಳ್ಳಗಿನ ಹಳೆಯ ಗೆರೆಯಿತ್ತು. ಚಿಕ್ಕಂದಿನಲ್ಲಿ ಅದರ ಮೇಲೆ ಬೆರಳಾಡಿಸಿ ಆಡಿದವನೇ ಅವನು.

“ನನಗೆ ಯಾಕಮ್ಮ ಹೇಳ್ಲಿಲ್ಲ?”

“ಅವರು ಹೇಳ್ತಾರೆ ಅಂತ ಕಾದೆ. ಇನ್ನು ಅವರು ಹೇಳೋ ಹಾಗಿಲ್ಲ. ಇವತ್ತು ಯಾರಾದ್ರೂ ಕೇಳಿದ್ರೆ ನೀನಾದ್ರೂ ಹೇಳು.”

“ಹೇಳ್ತೀನಮ್ಮ,” ಎಂದ. ಅವನ ಕಣ್ಣು ಒದ್ದೆಯಾಗಿತ್ತು.

ಅವಳು ಒಳಗೆ ಕೂತಳು. ಅವನು ಹೊರಗಿನಿಂದ ಅಂಗೈ ಊರಿದ. ಎಡಪಕ್ಕ ಸಲೀಸಾಗಿ ಕೂತಿತು. ಬಲಪಕ್ಕವೂ ಕೂತಿತು. ಮೇಲೆ ನಡುವಿನಲ್ಲಿ ಒಂದು ಗೇಣು ಉಳಿದಿತ್ತು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ಈ ಕೆಲಸ ಇಷ್ಟವಾಗಿತ್ತು.

ಅಷ್ಟರಲ್ಲಿ ಡ್ರಾಯಿಂಗ್ ಮೇಷ್ಟ್ರು ನಾಲ್ಕಾರು ಜನರ ಜೊತೆ ಷೆಡ್ಡಿಗೆ ಬಂದರು. ಬಿಸ್ಕತ್ತಿನ ಚೂರು ಇನ್ನೂ ಮೀಸೆಯಲ್ಲೇ ಇತ್ತು.

“ಆಗ್ಹೋಯ್ತಾ? ಒಬ್ಬನೇ ಹಾಕಿಬಿಟ್ಯಾ?”

ಮಗ ಗಾಜಿನ ಮೂಲಕ ತಾಯಿಯನ್ನು ನೋಡಿದ. ಆಮೇಲೆ ಸುತ್ತ ನಿಂತವರ ಮುಖ ನೋಡಿದ. ಎಲ್ಲರ ಮುಖದಲ್ಲೂ ಮೆಚ್ಚುಗೆಯಿತ್ತು.

“ಹೂಂ ಮೇಷ್ಟ್ರೇ. ಅಪ್ಪ ಮಾಡ್ತಿದ್ದ ಹಾಗೇ. ಅಮ್ಮ ಸುಮ್ನೆ ಒಳಗೆ ಕೂತಿದ್ರು.”

“ರಕ್ತ ಎಲ್ಲಿಗೆ ಹೋಗುತ್ತಪ್ಪ,” ಎಂದು ಮೇಷ್ಟ್ರು ಅವನ ಬೆನ್ನು ತಟ್ಟಿದರು.

ಅವಳು ಹುರಿ ಬಿಟ್ಟು ಕೈ ಒರೆಸಿಕೊಂಡಳು.

*

ವ್ಯಾನಿನ ಹಿಂದೆ ಕಾರು ಹೊರಟಿತು. ಓಡಿಸುತ್ತಿದ್ದವನು ಮಗ, ಪಕ್ಕದಲ್ಲಿ ಅವಳು. ರಸ್ತೆಯ ಬದಿಯಲ್ಲಿ ಜನ ನಿಂತು ನೋಡಿದರು. ಹಳ್ಳ ಸಿಕ್ಕಾಗಲೆಲ್ಲ ಗಾಜು ಕಟಕಟ ಎಂದಿತು. ಮೇಲಿನ ಸಂದಿಯಿಂದ ಗಾಳಿ ಸಿಳ್ಳೆ ಹಾಕುತ್ತಾ ಒಳಗೆ ನುಗ್ಗಿತು.

“ಏನಮ್ಮ ಅದು ಸದ್ದು?”

ಅವಳು ಮುಂದೆ ಹೋಗುತ್ತಿದ್ದ ವ್ಯಾನನ್ನೇ ನೋಡುತ್ತಿದ್ದಳು. ಅವನೇ ತಲೆ ಎತ್ತಿ ನೋಡಿದ.

“ಅಯ್ಯೋ, ಅದೊಂಚೂರು ಎಳೆದುಬಿಡಮ್ಮ. ಇಷ್ಟೂ ಜನರ ಮುಂದೆ ಗಾಜು ಬಿದ್ದುಹೋಗುತ್ತೆ.”

“ನಾನು ಸುಮ್ನೆ ಕೂತಿದ್ದೀನಲ್ಲಪ್ಪ.”

ಅವನ ಎರಡೂ ಕೈ ಸ್ಟೀರಿಂಗಿನ ಮೇಲಿದ್ದವು, ಅವಳವು ಮಡಿಲಲ್ಲಿದ್ದವು. ಇಬ್ಬರ ನಡುವೆ ಹುರಿಯ ಎರಡು ತುದಿಗಳು ಇಳಿಬಿದ್ದು ತೂಗಾಡುತ್ತಾ, ಅವನ ಇಸ್ತ್ರಿಯ ಅಂಗಿಯ ಮೇಲೆ ಸೋಪಿನ ನೀರನ್ನು ಹನಿಹನಿಯಾಗಿ ಬೀಳಿಸುತ್ತಿದ್ದವು.