ಹೊಗೆ ಹಾಕಿಸಿಕೊಂಡ ಪೀಪಾಯಿ

"ಗಡಿಬಿಡೀ! ನಿನ್ನ ಪೀಪಾಯಿ ಹೊಗೆ ಹಾಕಿಸ್ಕೊಂಡ್ತು ಕಣೇ!"

ಅಂಗಳದಾಚೆಯಿಂದ ಕೂಗಿದವನು ಬಳೆರಾಯ. ಪೀಪಾಯಿಗಳಿಗೆ ಕಬ್ಬಿಣದ ಬಳೆ ತೊಡಿಸುವ ಅವನಿಗೆ ರಮ್ ಕಾರ್ಖಾನೆಯವರು ಇಟ್ಟ ಹೆಸರು ಅದು. ಬಾಟಲಿಗೆ ಲೇಬಲ್ ಅಂಟಿಸುತ್ತಿದ್ದ ಹುಡುಗಿಗೂ ಅವರೇ ಇಟ್ಟ ಹೆಸರು ಗಡಿಬಿಡಿ. ಕೂಗು ಕೇಳಿ ಬೆಚ್ಚಿಬಿದ್ದಳು. ಹೊಗೆ ಹಾಕಿಸಿಕೊಂಡಿತು ಅಂದರೆ? ಸತ್ತೇಹೋಯಿತು!

ಅದು ಅವಳ ಮೊದಲ ಪೀಪಾಯಿ. ಕಾರ್ಖಾನೆಯ ಯಜಮಾನರಾದ ಅವಳ ದೊಡ್ಡಪ್ಪ ಮಗುವಿನ ಹಾಗೆ ಸಾಕಿ ಹಣ್ಣು ಮಾಡಿದ್ದ ಹಳೇ ರಮ್ಮನ್ನು ಹೊಗೆಯ ಘಾಟಿನ ವಿಸ್ಕಿ ಇದ್ದು ಖಾಲಿಯಾದ ಪೀಪಾಯಿಗೆ ಸುರಿದು, ಕೊನೆಯ ಕೆಲವು ತಿಂಗಳು ಅಲ್ಲೇ ಮಲಗಿಸೋಣ ಎಂದು ಹಟ ಹಿಡಿದವಳು ಅವಳೇ. "ಕೆಟ್ರೆ ಅಗ್ಗದ ರಮ್ಮಿನ ತೊಟ್ಟಿಗೆ ಸುರೀತೀನಿ. ನೀನು ಜನ್ಮವಿಡೀ ಲೇಬಲ್ ಅಂಟಿಸ್ತಾ ಕೂತಿರು" ಎಂದೇ ದೊಡ್ಡಪ್ಪ ಒಪ್ಪಿದ್ದರು.

ಅಂಟು ಮೆತ್ತಿದ ಕೈಯಲ್ಲೇ ಓಡಿದಳು. ಉಗ್ರಾಣದಲ್ಲಿ ಅದೇ ಕೂಗು ಕೇಳಿದ್ದ ದೊಡ್ಡಪ್ಪ ಆಗಲೇ ಬಿರಡೆ ಕಿತ್ತು, ಪೈಪು ಇಳಿಬಿಟ್ಟು, ಪಂಪಿನ ಗುಂಡಿಯ ಮೇಲೆ ಬೆರಳಿಟ್ಟಿದ್ದರು. ಮೂಗಿಗೆ ಕರವಸ್ತ್ರ. ನೆಗಡಿಯಿಂದ ಮೂಗು ಕಟ್ಟಿದ್ದಕ್ಕೇ ಇವತ್ತು ವಾಸನೆ ನೋಡುವ ಕೆಲಸವನ್ನು ಬಳೆರಾಯನಿಗೆ ಒಪ್ಪಿಸಿದ್ದು.

"ದೊಡ್ಡಪ್ಪಾ, ತಡೀರಿ!"

"ಯಾಕೆ? ಸತ್ತದ್ದಕ್ಕೆ ಜೋಗುಳ ಹಾಡ್ಲಾ?"

"ಒಂದ್ಸಲ ಮುಖ ಆದ್ರೂ ನೋಡ್ತೀನಿ!"

ಬಗ್ಗಿ ಬಿರಡೆಯ ತೂತಿಗೆ ಮೂಗಿಟ್ಟಳು. ಮೊದಲು ಕಾದ ಬೆಲ್ಲ, ಕಳಿತ ಬಾಳೆಹಣ್ಣು. ಅದರ ಬೆನ್ನಿಗೇ, ಅಯ್ಯೋ, ಈಗಷ್ಟೇ ನೀರು ಚಿಮುಕಿಸಿದ ಕೆಂಡದ ಹೊಗೆ! ತಾನು ಬಯಸಿದ್ದು ಇದನ್ನೇ! ಎದ್ದವಳೇ ಪಂಪಿನ ವೈರನ್ನು ಗೋಡೆಯಿಂದ ಕಿತ್ತೆಸೆದಳು.

ಅಷ್ಟರಲ್ಲಿ ಬಳೆರಾಯ ಏದುಸಿರು ಬಿಡುತ್ತ ಬಂದ. "ಏನ್ ಯಜಮಾನ್ರೇ, ಬಂಗಾರನ ತೊಟ್ಟಿಗೆ ಸುರೀತಿದ್ದೀರಾ?"

"ಹೊಗೆ ಹಾಕಿಸ್ಕೊಂಡ್ತು ಅಂದೋನು ನೀನೇ ಅಲ್ವೇನೋ?"

"ಹ್ಞೂಂ ಮತ್ತೆ! ಹೊಗೆ ಪೀಪಾಯೀಲಿ ಹೊಗೆ ಹಾಕಿಸ್ಕೊಳ್ದೆ ಮಂಜು ಹಾಕಿಸ್ಕೊಳ್ಳತ್ತಾ? ರಮ್ಮು ಹೊಗೇನ ಸಖತ್ತಾಗಿ ಹೀರ್ಕೊಂಡಿದೆ ಅಂದೆ!"

"ಥೂ ನಿನ್ನ ನಾಲಿಗೆಗೊಂದು ಬಳೆ ಹಾಕ!"

ಗಡಿಬಿಡಿ ಲೋಟ ತುಂಬಿಸಿ ದೊಡ್ಡಪ್ಪನ ಮುಂದೆ ಹಿಡಿದಳು. ಒಂದು ಗುಟುಕು ಕುಡಿದ ದೊಡ್ಡಪ್ಪ ಕಣ್ಣು ಮುಚ್ಚಿದರು. ಆಮೇಲೆ ಒಂದು ಸೀನು! ಅದೆಂಥ ಸೀನೆಂದರೆ, ಕಟ್ಟಿದ್ದ ಮೂಗು ಬಿಚ್ಚಿಕೊಂಡಿತು. ಮತ್ತೊಂದು ಗುಟುಕು.

"ನಾಲಿಗೆ ಮೇಲೆ ರಮ್ಮು..." ಎಂದರು. "ಗಂಟಲಲ್ಲಿ ಇಳಿಯೋವಾಗ ವಿಸ್ಕಿ! ಎಲಾ ಇವ್ಳ!"

ಬಳೆರಾಯ ಕೈ ಚಾಚಿದ. ದೊಡ್ಡಪ್ಪ ಲೋಟ ಬಿಡಲಿಲ್ಲ.

"ಅಂಥವೇ ಇನ್ನೆರಡು ಪೀಪಾಯಿ ಹುಡುಕಿಸೋ, ಇವಳಿಗೆ" ಎಂದವರು, ಗಡಿಬಿಡಿಯ ಅಂಟು ಕೈ ನೋಡಿ ನಕ್ಕರು. "ಹಾಗೇ ಲೇಬಲ್ ಅಂಟಿಸೋಕೂ ಯಾರನ್ನಾದ್ರೂ ನೋಡು."