ಮುಚ್ಚಳದೊಳಗಿನ ನೀರು

ನೇತ್ರಾಣಿ ದ್ವೀಪದ ಮಗ್ಗುಲಲ್ಲಿ, ನೀರಿನ ಅಡಿಯಲ್ಲಿ, ಅನೀಸಾಳ ಮಣಿಕಟ್ಟಿನಲ್ಲಿದ್ದ ಡೈವ್ ಕಂಪ್ಯೂಟರ್ ಕೀಂಯ್ ಎಂದು ಕೂಗತೊಡಗಿತು. ದಪ್ಪ ಕೈಗಡಿಯಾರದಂಥ ಸಾಧನ ಅದು. ಎಷ್ಟು ಆಳದಲ್ಲಿದ್ದೇವೆ, ಇನ್ನೆಷ್ಟು ಹೊತ್ತು ಇರಬಹುದು, ಎಷ್ಟು ನಿಧಾನವಾಗಿ ಮೇಲೇರಬೇಕು ಎಂಬುದನ್ನೆಲ್ಲ ಹೇಳುವುದು ಅದೇ. ಅವಳು ಕೈ ಎತ್ತಿ ನೋಡುವಷ್ಟರಲ್ಲಿ ಅಂಕಿಗಳು ಮಸುಕಾಗಿ ಪರದೆ ಖಾಲಿಯಾಯಿತು.

ಕಂಪ್ಯೂಟರ್ ಸತ್ತರೆ ಡೈವ್ ಮುಗಿದಂತೆ. ನೀರಿನಡಿ ಯಾರೂ ಒಬ್ಬರೇ ಇರುವಂತಿಲ್ಲವಾದ್ದರಿಂದ, ಆ ದಿನ ಅವಳಿಗೆ ಜೋಡಿಯಾಗಿ ಕೊಟ್ಟಿದ್ದ ಪುಣೆಯ ಗೃಹಸ್ಥನೂ ಜೊತೆಗೇ ಮೇಲೆ ಬರಬೇಕಾಯಿತು. ದೋಣಿ ಹತ್ತಿದವನು ಅವಳ ಕಡೆ ನೋಡದೆ, ತನ್ನ ಡೈವೂ ಹಾಳಾಯಿತೆಂದು ಗೊಣಗಿಕೊಂಡ. ಅನೀಸಾ ಕ್ಷಮೆ ಕೇಳಿದಳು. ಸ್ವಲ್ಪ ಹೊತ್ತಿಗೆ ಅವನು ಬೇರೆಯವರ ಜೊತೆ ಸೇರಿಕೊಂಡು ಮತ್ತೆ ಇಳಿದುಹೋದ. ಎಲ್ಲರೂ ನೀರಿನಲ್ಲಿದ್ದರು. ದೋಣಿಯವನು ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದ. ಅವಳು ಒದ್ದೆ ಬಟ್ಟೆಯಲ್ಲೇ ಕೂತು, ಎಲ್ಲರ ಗುಳ್ಳೆಗಳು ಮೇಲೆ ಬಂದು ಒಡೆಯುವುದನ್ನು ನೋಡುತ್ತಿದ್ದಳು.

ಲಾಡ್ಜಿಗೆ ಹೋಗಿ ಹಿಂದಿನ ಮುಚ್ಚಳ ತಿರುಗಿಸಿದಾಗ ಬ್ಯಾಟರಿಯ ಗೂಡಿನಲ್ಲಿ ಉಪ್ಪುನೀರು ನಿಂತಿತ್ತು. ಬ್ಯಾಟರಿಯ ಅಂಚು ಆಗಲೇ ಹಸಿರಾಗಿತ್ತು. ಪುಣ್ಯಕ್ಕೆ ಒಳಗಿನ ಯಂತ್ರಭಾಗ ಬೇರೆಯೇ ಗೂಡಿನಲ್ಲಿ ಭದ್ರವಾಗಿರುತ್ತದೆ. ಸಿಹಿನೀರಿನಲ್ಲಿ ತೊಳೆದು, ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಇಟ್ಟಳು. ವಾರದ ಹಿಂದೆ ಆ ಬ್ಯಾಟರಿ ಹಾಕಿದವಳು ಅವಳೇ. ಅಲ್ಲಿಯವರೆಗೆ ಆ ಕೆಲಸವನ್ನು ಅವಳ ಡೈವಿನ ಜೊತೆಗಾತಿ ತೇಜಸ್ವಿನಿ ಮಾಡಿಕೊಡುತ್ತಿದ್ದಳು.

ಅನೀಸಾಗೆ ನಲವತ್ತಾರು. ಆರ್.ಟಿ. ನಗರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಗಂಗಾನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಹಾಸಿಗೆ ಹಿಡಿದ ಅಮ್ಮಿಯನ್ನು ನೋಡಿಕೊಳ್ಳುವುದರಲ್ಲೇ ಅವಳ ಮದುವೆಯ ವಯಸ್ಸು ಕಳೆದಿತ್ತು. ಅಮ್ಮಿ ತೀರಿಕೊಂಡ ಮೇಲೆ ಅವಳಿಗೆ ಸಂಜೆಗಳನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಯಲಹಂಕದ ಒಂದು ಕ್ಲಬ್ಬಿನಲ್ಲಿ ಹೆಂಗಸರಿಗೆ ಈಜು ಕಲಿಸುತ್ತಾರೆಂದು ಸೇರಿಕೊಂಡಳು. ಅಲ್ಲೇ ಭಾನುವಾರಗಳಲ್ಲಿ ಸ್ಕೂಬಾ ತರಬೇತಿಯೂ ನಡೆಯುತ್ತಿತ್ತು. ಮೊದಲ ಪಾಠದಲ್ಲಿ ತರಬೇತುದಾರ ಎಲ್ಲರನ್ನೂ ಜೋಡಿ ಮಾಡಿದಾಗ ಅವಳ ಪಾಲಿಗೆ ಬಂದವಳು ತಣಿಸಂದ್ರದ ತೇಜಸ್ವಿನಿ. ಅವಳಿಗಿಂತ ಹದಿನಾಲ್ಕು ವರ್ಷ ಚಿಕ್ಕವಳು, ವಿಪರೀತ ಮಾತು. ಆಮೇಲೆ ಸಮುದ್ರಕ್ಕೆ ಹೋದಾಗಲೆಲ್ಲ ಇಬ್ಬರೂ ಜೊತೆಗೇ ಹೋದರು. ನೀರಿನೊಳಗೆ ಮಾತಿಲ್ಲ, ಹೆಬ್ಬೆರಳು ತೋರುಬೆರಳು ಸೇರಿಸಿ ‘ಸರಿಯಾಗಿದ್ದೀಯಾ?’ ಎಂದು ಕೇಳುವುದು, ಹಾಗೆಯೇ ‘ಸರಿ’ ಎನ್ನುವುದು. ದಿನವಿಡೀ ಯಾರೂ ಹಾಗೆ ಕೇಳದ ಅನೀಸಾಗೆ ಆ ಸನ್ನೆ ಬಹಳ ಹಿಡಿಸಿತ್ತು.

ತೇಜಸ್ವಿನಿಗೆ ಮಗು ಹುಟ್ಟಿತು. ಅನೀಸಾ ಒಮ್ಮೆ ಹೋಗಿ ಬೆಳ್ಳಿಯ ಲೋಟ ಕೊಟ್ಟು ಬಂದಿದ್ದಳು. ಆಮೇಲೆ ಫೋನು ಕಡಿಮೆಯಾಗಿ, ಹಬ್ಬದ ಮೆಸೇಜುಗಳಷ್ಟೇ ಉಳಿದವು.

ಊರಿಗೆ ಬಂದವಳೇ ಅನೀಸಾ ಕಂಪ್ಯೂಟರಿನ ಹಿಂದೆ ಬಿದ್ದಳು. ಮೊದಲ ಅನುಮಾನ ಮುಚ್ಚಳದ ಸುತ್ತ ಕೂರುವ ಕಪ್ಪು ರಬ್ಬರ್ ಉಂಗುರದ ಮೇಲೆ. ಕುಕ್ಕರಿನ ಗ್ಯಾಸ್ಕೆಟ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ; ಅದರಲ್ಲಿ ಒಂದು ಗೀರು ಬಿದ್ದರೂ, ಒಂದು ಕೂದಲೆಳೆ ಅಡ್ಡ ಸಿಕ್ಕರೂ ನೀರು ದಾರಿ ಮಾಡಿಕೊಳ್ಳುತ್ತದೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅದನ್ನು ಲ್ಯಾಬಿನ ಮೈಕ್ರೋಸ್ಕೋಪಿನ ಕೆಳಗಿಟ್ಟು, ಸುತ್ತಲೂ ತಿರುಗಿಸಿ ನೋಡಿದಳು.

“ಯಾರ ಸ್ಯಾಂಪಲ್ ಮೇಡಂ ಅದು?” ಎಂದ ಪಕ್ಕದ ಮೇಜಿನ ನಂದಕುಮಾರ್.

“ನಂದೇ.”

ಅವನು ನಕ್ಕು ಡಬ್ಬಿ ತೆರೆದ. ಯಾಕೆ, ಏನು ಎಂದು ಕೇಳಲಿಲ್ಲ. ಕೇಳಿದ್ದರೆ ಅವಳು ಎಲ್ಲವನ್ನೂ ಹೇಳಿಬಿಡುತ್ತಿದ್ದಳು.

ಉಂಗುರದಲ್ಲಿ ಗೀರಿರಲಿಲ್ಲ. ಆದರೂ ಹೊಸದು ತರಿಸಿದಳು. ಅದು ಕೂರುವ ಕಾಲುವೆಯನ್ನು ಹಲ್ಲುಕಡ್ಡಿಗೆ ಹತ್ತಿ ಸುತ್ತಿ ಚೊಕ್ಕ ಮಾಡಿದಳು. ಸಿಲಿಕೋನ್ ಗ್ರೀಸನ್ನು ತುಟಿಗೆ ಹಚ್ಚುವಷ್ಟೇ ತೆಳ್ಳಗೆ ಸವರಿದಳು. ಹೆಚ್ಚಾದರೆ ಅದೇ ಧೂಳನ್ನು ಹಿಡಿಯುತ್ತದೆ. ಬ್ಯಾಟರಿ ಹಾಕದೆ, ಅದರ ಜಾಗದಲ್ಲಿ ಟಿಶ್ಯೂ ಪೇಪರಿನ ತುಂಡೊಂದನ್ನು ಮಡಚಿಟ್ಟು, ಮುಚ್ಚಳ ಬಿಗಿದು ಬಚ್ಚಲಿನ ಬಕೆಟ್ಟಿನಲ್ಲಿ ಮುಳುಗಿಸಿದಳು. ಬೆಳಿಗ್ಗೆ ತೆಗೆದರೆ ಪೇಪರ್ ಒಣಗಿಯೇ ಇತ್ತು.

ಬಕೆಟ್ಟಿನ ನೀರಿಗೆ ಒತ್ತಡವಿಲ್ಲ ಎಂದುಕೊಂಡು ಕ್ಲಬ್ಬಿಗೆ ಹೋದಳು. ಆಳದ ತುದಿಯಲ್ಲಿ ಕೂತು, ತರಕಾರಿಯ ಬಲೆಚೀಲದಲ್ಲಿ ಕಂಪ್ಯೂಟರನ್ನೂ ಒಂದು ಕಲ್ಲನ್ನೂ ಹಾಕಿ, ನೈಲಾನ್ ದಾರದಲ್ಲಿ ತಳಕ್ಕೆ ಇಳಿಬಿಟ್ಟಳು. ಈಜುಕೊಳದ ಕಾವಲಿನ ಉಮೇಶ್ ಸೀಟಿ ಬಾಯಲ್ಲಿಟ್ಟುಕೊಂಡೇ ಹತ್ತಿರ ಬಂದ.

“ಏನ್ ಮೇಡಂ, ಮೀನ್ ಸಿಗ್ತಾ?”

“ಮೀನಲ್ಲ ಉಮೇಶ್, ಇದರೊಳಗೆ ನೀರ್ ಹೋಗುತ್ತಾ ಅಂತ ನೋಡ್ತಿದೀನಿ.”

“ಅಂಗಾ? ನೋಡಿ, ನೋಡಿ. ಇಳಿಯೋದಾದ್ರೆ ಮಾತ್ರ ಒಬ್ರೇ ಇಳೀಬೇಡಿ. ಜೊತೇಲಿ ಯಾರಾನ ಇರ್ಬೇಕು.”

ಆಗಲೂ ಪೇಪರ್ ಒಣಗಿಯೇ ಬಂತು. ಮತ್ತೊಮ್ಮೆ ಬಿಟ್ಟಳು. ಒಣಗಿಯೇ ಇತ್ತು. ಸಂತೋಷವಾಗಬೇಕಿತ್ತು. ಆದರೆ ಎಲ್ಲಿದೆ ಎಂದೇ ಗೊತ್ತಾಗದ ತಪ್ಪನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುವುದಾದರೂ ಹೇಗೆ? ಆ ಸಂಜೆ ತೇಜಸ್ವಿನಿಗೆ ಫೋನ್ ಮಾಡಿದಳು. ಅಷ್ಟಕ್ಕೆ ಒಂದು ನೆಪ ಸಿಕ್ಕಿತಲ್ಲ ಎಂದು ಒಳಗೊಳಗೇ ಹಗುರಾದದ್ದು ಅವಳಿಗೂ ತಿಳಿದಿತ್ತು.

“ಅಕ್ಕಾ! ಏನ್ ಸಮಾಚಾರ? ಎಷ್ಟ್ ದಿನ ಆಯ್ತು!”

“ಕಂಪ್ಯೂಟರ್‌ಗೆ ನೀರ್ ಹೋಗಿತ್ತು ಕಣೇ. ಎಲ್ಲಿಂದ ಅಂತ ಗೊತ್ತಾಗ್ತಾ ಇಲ್ಲ. ಭಾನುವಾರ ಪೂಲ್ ಹತ್ರ ಬರ್ತೀಯಾ?”

“ಬರ್ತೀನಿ ಅಕ್ಕ. ಪಾಪೂನ ಕರ್ಕೊಂಡೇ ಬರ್ಬೇಕು, ಪರ್ವಾಗಿಲ್ವಾ?”

ಭಾನುವಾರ ಅನೀಸಾ ಬೆಳಿಗ್ಗೆಯೇ ಎದ್ದು, ತೇಜಸ್ವಿನಿಗೆ ಇಷ್ಟವೆಂದು ಶಾವಿಗೆ ಪಾಯಸ ಮಾಡಿ ಡಬ್ಬಿಗೆ ಹಾಕಿಕೊಂಡಳು. ಈಜುಡುಗೆಯನ್ನೂ ಚೀಲಕ್ಕೆ ಸೇರಿಸಿದಳು. ತೇಜಸ್ವಿನಿ ಬಂದದ್ದು ಸೀರೆಯಲ್ಲಿ. ಇಲ್ಲಿಂದ ನೇರ ಹೆಬ್ಬಾಳಕ್ಕೆ, ನಾದಿನಿಯ ಮನೆಯ ಊಟಕ್ಕೆ ಹೋಗಬೇಕಂತೆ. ಕಂಕುಳಲ್ಲಿದ್ದ ಮಗು ನೀರನ್ನು ನೋಡಿದ ಕೂಡಲೇ ಅತ್ತ ಜಿಗಿಯಲು ಕೈಕಾಲು ಬಡಿಯಿತು.

“ಇಷ್ಟೆಲ್ಲಾ ಟೆಸ್ಟ್ ಮಾಡಿದ್ರಾ?” ತೇಜಸ್ವಿನಿ ಎಲ್ಲವನ್ನೂ ಕೇಳಿಸಿಕೊಂಡು ಹುಬ್ಬೇರಿಸಿದಳು. “ಬ್ಯಾಟರಿ ಹಾಕಿ ಬಿಟ್ ನೋಡಿದ್ರಾ?”

“ಇಲ್ಲ. ನೀರ್ ಹೋದ್ರೆ ಮತ್ತೆ ಹಾಳಾಗುತ್ತಲ್ಲ ಅಂತ.”

“ಒಂದ್ಸಲ ಹಾಕಿ ಅಕ್ಕ. ಹೋದ್ರೆ ಒಂದ್ ಬ್ಯಾಟರಿ ತಾನೆ.”

ಹೊಸ ಬ್ಯಾಟರಿ ಹಾಕಿ, ಮುಚ್ಚಳ ಬಿಗಿದು, ದಾರ ಬಿಟ್ಟರು. ಮಗುವಿಗೆ ಹಸಿವಾಗಿ ತೇಜಸ್ವಿನಿ ನೆರಳಿನ ಬೆಂಚಿಗೆ ಹೋದಳು. ಅನೀಸಾ ಒಬ್ಬಳೇ ದಾರ ಎಳೆದು, ಒರೆಸಿ, ತೆರೆದಳು. ಗೂಡಿನ ಅಂಚಿನಲ್ಲಿ ಒಂದು ಹನಿ ನಿಂತಿತ್ತು.

ಅವಳು ಬ್ಯಾಟರಿಯನ್ನು ಬೆರಳ ತುದಿಯಿಂದ ಮುಟ್ಟಿದಳು. ಒಂದು ಬದಿ ಒತ್ತಿದರೆ ಇನ್ನೊಂದು ಬದಿ ಏಳುತ್ತಿತ್ತು, ಕುಂಟುವ ಮಣೆಯ ಹಾಗೆ. ತೆಗೆದು ನೋಡಿದರೆ ತಳದ ಚಿಕ್ಕ ತಗಡಿನ ನಾಲಿಗೆ ಒಂದು ಕಡೆ ಮೇಲಕ್ಕೆ ಬಾಗಿತ್ತು. ಹಳೆಯ ಬ್ಯಾಟರಿಯನ್ನು ಚಿಮಟದಿಂದ ಮೀಟಿ ತೆಗೆಯುವಾಗ ಬಾಗಿಸಿದವಳು ಅವಳೇ ಇರಬೇಕು. ಅದು ಬ್ಯಾಟರಿಯನ್ನು ಓರೆಯಾಗಿ ಎತ್ತಿಹಿಡಿದಿತ್ತು; ಓರೆಯಾದ ಬ್ಯಾಟರಿ ಒಂದು ಬದಿಯಲ್ಲಿ ಮುಚ್ಚಳವನ್ನು ಮೇಲಕ್ಕೆ ದೂಡಿ ನೀರಿಗೆ ಸಂದು ಮಾಡುತ್ತಿತ್ತು. ಬ್ಯಾಟರಿಯ ಬದಲು ಮೆತ್ತನೆಯ ಪೇಪರ್ ಇದ್ದಾಗ ಮುಚ್ಚಳ ಸರಿಯಾಗಿಯೇ ಕೂರುತ್ತಿತ್ತು. ಇಷ್ಟು ದಿನ ಅವಳು ತಪ್ಪನ್ನೇ ಹೊರಗಿಟ್ಟು ತಪ್ಪು ಹುಡುಕಿದ್ದಳು.

ನಾಲಿಗೆಯನ್ನು ನಿಧಾನವಾಗಿ ಒತ್ತಿ ಸಮ ಮಾಡಿ, ಒರೆಸಿ, ಒಣಗಿಸಿ, ಮತ್ತೆ ಮುಚ್ಚಿ ಇಳಿಬಿಟ್ಟಳು. ಈ ಸಲ ಬಹಳ ಹೊತ್ತು ಬಿಟ್ಟಳು. ತೆರೆದಾಗ ಒಳಗೆಲ್ಲ ಒಣಗಿತ್ತು.

“ತೇಜೂ, ಸಿಕ್ತು ಕಣೇ!” ಎಂದು ಕೂಗಿದಳು. ಉಮೇಶ್ ತಿರುಗಿ ನೋಡಿದ.

ತೇಜಸ್ವಿನಿ ಎದ್ದು ಬಂದು, ನೋಡಿ, ಅವಳ ಬೆನ್ನು ತಟ್ಟಿದಳು. ಇಬ್ಬರೂ ಬೆಂಚಿನಲ್ಲಿ ಕೂತು ಪಾಯಸ ತಿಂದರು. ಆಗ ಅನೀಸಾ ಬಹಳ ದಿನದಿಂದ ಕೇಳಬೇಕೆಂದಿದ್ದ ಮಾತನ್ನು ಕೇಳಿದಳು. “ಪಾಪು ಸ್ವಲ್ಪ ದೊಡ್ಡೋನಾದ್ಮೇಲೆ ಮತ್ತೆ ಹೋಗೋಣ ಅಲ್ವಾ?”

ತೇಜಸ್ವಿನಿ ಚಮಚವನ್ನು ಡಬ್ಬಿಯಲ್ಲಿಟ್ಟಳು. “ಇಲ್ಲ ಅಕ್ಕ. ನಾನ್ ಇನ್ನು ಇಳಿಯಲ್ಲ. ಸಾಮಾನೆಲ್ಲ ಯಾರಿಗಾದ್ರೂ ಕೊಟ್ಬಿಡೋಣ ಅಂತಿದೀನಿ. ನಿಮಗೆ ಬೇಕಾದ್ದು ತಗೊಳ್ಳಿ.”

“ಭಯಾನಾ?”

“ಭಯ ಅಂತಲ್ಲ. ಕೆಳಗೆ ನಿಮ್ ಜೊತೆ ಇದ್ರೆ ನಿಮ್ ಮೇಲೆ ಕಣ್ಣಿಡ್ಬೇಕಲ್ವಾ? ಈಗ ನನ್ ಕಣ್ಣೆಲ್ಲ ಇವನ ಮೇಲೇನೇ ಇರುತ್ತೆ. ನಿಮಗೇನಾದ್ರೂ ಆಗಿ, ನಾನ್ ನೋಡ್ದೇ ಹೋದ್ರೆ? ಅದಕ್ಕೇ ಫೋನ್ ಮಾಡ್ತಿರ್ಲಿಲ್ಲ. ಮಾಡಿದ್ರೆ ಇದನ್ನ ಹೇಳ್ಬೇಕಾಗ್ತಿತ್ತು.”

ಅನೀಸಾಗೆ ಸಿಟ್ಟು ಬರಲಿಲ್ಲ. ಸುಳ್ಳು ಹೇಳಿದ್ದರೆ ಬರುತ್ತಿತ್ತೇನೋ. “ಸರಿ ಬಿಡು,” ಎಂದು ಮಗುವಿನ ಬಾಯಿಗೆ ಒಂದೆಳೆ ಶಾವಿಗೆ ಇಟ್ಟಳು. ಅದು ಮುಖ ಕಿವುಚಿ, ಆಮೇಲೆ ಇನ್ನೊಂದಕ್ಕೆ ಬಾಯಿ ತೆರೆಯಿತು. ಆಟೋ ಬಂದು ತಾಯಿ ಮಗ ಹೊರಟರು. ಈಜುಡುಗೆ ಚೀಲದಲ್ಲೇ ಉಳಿಯಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದರೂ ಅನೀಸಾ ಹೊರಗೆ ಏನನ್ನೂ ನೋಡಲಿಲ್ಲ. ಮನೆಗೆ ಬಂದು, ಇಬ್ಬರು ತಿಂದ ಡಬ್ಬಿಯನ್ನು ತೊಳೆಯಲು ಮನಸ್ಸಾಗದೆ ಹಾಗೆಯೇ ಸಿಂಕಿನ ಪಕ್ಕ ಇಟ್ಟು ಮಲಗಿದಳು.

ಮಳೆಗಾಲ ಶುರುವಾಗುವ ಮುಂಚೆ ಅವಳು ಇನ್ನೊಮ್ಮೆ ನೇತ್ರಾಣಿಗೆ ಹೋದಳು. ಹೋಗದಿದ್ದರೆ ಇನ್ನೆಂದೂ ಹೋಗಲಾರೆನೆಂಬ ಭಯವಿತ್ತು. ಈ ಸಲ ಅಪರಿಚಿತರ ಹಂಗು ಬೇಡವೆಂದು ಡೈವ್ ಕಂಪನಿಯ ಗೈಡನ್ನೇ ಜೋಡಿಯಾಗಿ ಕೇಳಿಕೊಂಡಳು. ಕಂಪ್ಯೂಟರ್ ಕೂಗಲಿಲ್ಲ, ಮಸುಕಾಗಲಿಲ್ಲ. ಬಂಡೆಯ ಸಂದಿನಿಂದ ಒಂದು ಕಡಲಾಮೆ ಹೊರಬಂದು, ಅವಳ ಮುಖದ ಮುಂದೆಯೇ ನಿಧಾನವಾಗಿ ಹಾದುಹೋಯಿತು. ಅನೀಸಾ ತಟ್ಟನೆ ಪಕ್ಕಕ್ಕೆ ತಿರುಗಿ ತೋರಿಸಿದಳು. ಗೈಡ್ ತಲೆಯಾಡಿಸಿ ತನ್ನ ಗಾಳಿಯ ಮೀಟರ್ ನೋಡಿಕೊಂಡ. ಅವನಿಗೆ ಅದು ದಿನಾ ನೋಡುವ ಆಮೆ.

ದೋಣಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ವಾಂತಿಯಿಂದ ಸುಸ್ತಾಗಿ, ತಲೆಗೆ ಸೆರಗು ಹೊದ್ದು ಮೂಲೆ ಹಿಡಿದಿದ್ದಳು. ಮೊಮ್ಮಕ್ಕಳ ಹಟಕ್ಕೆ ಜೊತೆಗೆ ಬಂದವಳು, ನೀರಿಗಿಳಿದವಳಲ್ಲ. ಒದ್ದೆಯಾಗಿ ಬಂದ ಅನೀಸಾಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟು ಕೇಳಿದಳು.

“ಏನ್ ಐತಮ್ಮ ತಳದಾಗ?”

ಅನೀಸಾ ಕೂದಲು ಹಿಂಡಿಕೊಳ್ಳುತ್ತ ಕೂತಳು. “ಒಂದು ಆಮೆ ನೋಡ್ದೆ ಅಮ್ಮಾ. ಇಷ್ಟಗಲ,” ಎಂದು ಎರಡೂ ಕೈ ಚಾಚಿದಳು.

“ಹೌದಾ? ಮತ್ತ?”

ದಡ ಇನ್ನೂ ದೂರವಿತ್ತು. ಅವಳು ಹೇಳತೊಡಗಿದಳು.